ಟ್ರಾಲಿಯ ಜಾಕು ಎತ್ತದಿದ್ದರೆ: ಪಂಪು ಬಿಚ್ಚುವ ಮೊದಲು



ತೊಗರಿ, ಬಿಳಿಜೋಳದ ರಾಶಿ ಮುಗಿದು ಹೊಲ ಬರಿದಾದ ಮೇಲೆ, ಮುಂಗಾರಿಗೆ ಮೊದಲು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಮುಟ್ಟಿಸುವ ಕೆಲಸ ಬರುತ್ತದೆ. ಎರಡು ಎಮ್ಮೆ, ಎರಡು ಆಕಳು ಕಟ್ಟಿದ ಮನೆಯಲ್ಲಿಯೂ ವರ್ಷಕ್ಕೆ ಕೂಡುವ ಗೊಬ್ಬರ ಕಡಿಮೆಯದಲ್ಲ. ಹಿಂದೆ ಬಂಡಿಯಲ್ಲಿ ಹೇರಿ, ಹೊಲದಲ್ಲಿ ಸಲಿಕೆಯಿಂದ ಎಳೆದು ಹಾಕುತ್ತಿದ್ದೆವು. ಈಗ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಕಡೆ ಆ ಕೆಲಸವನ್ನು ಟ್ರ್ಯಾಕ್ಟರಿನ ಹಿಂದಿನ ಜಾಕಿನ ಟ್ರಾಲಿ ಮಾಡುತ್ತದೆ. ಕಂಪನಿಯಿಂದ ಬಂದ ಟ್ರಾಲಿಯ ಮಾತು ಬೇರೆ. ಹಳೆಯ ಸಾದಾ ಟ್ರಾಲಿಗೆ ವರ್ಕ್‌ಶಾಪಿನಲ್ಲಿ ಕೀಲು ಬೆಸುಗೆ ಮಾಡಿಸಿ, ಸೆಕೆಂಡ್‌ಹ್ಯಾಂಡ್ ಜಾಕು ಕೂಡಿಸಿ ಟಿಪ್ಪರ್ ಮಾಡಿಕೊಂಡವರಿಗಾಗಿ ಈ ಪಾಠ ಬರೆದಿದೆ. ಕೈಯಾರೆ ಕಟ್ಟಿದ ಟ್ರಾಲಿಯಲ್ಲಿ ದೋಷ ಎಲ್ಲಿದೆಯೆಂದು ಹೇಳುವ ಕೈಪಿಡಿ ಇರುವುದಿಲ್ಲ. ಅದನ್ನು ಮಾಲೀಕನೇ ಹುಡುಕಬೇಕು.

ಇಂಥ ಟ್ರಾಲಿ ಭಾರ ಎತ್ತದಿದ್ದಾಗ ಬರುವ ಮೊದಲ ಸಲಹೆ ‘ಪಂಪು ಹೋಗಿದೆ, ಬದಲಿಸಿ’ ಎಂಬುದು. ಅದಾದ ಮೇಲೆ ‘ಜಾಕಿನ ಸೀಲು ಹಾಕಿಸಿ’. ಎರಡೂ ಮಾಡಿಸಿ ಸಾವಿರಾರು ರೂಪಾಯಿ ಸುರಿದ ಮೇಲೂ ಡಬ್ಬಿ ಅಲ್ಲೇ ಕೂತಿರುವುದುಂಟು. ನಮ್ಮ ಸಂಘಗಳಲ್ಲಿ ಹಾಲನ್ನು ಕಣ್ಣಿನಿಂದ ನೋಡಿ ದರ ಕಟ್ಟುವುದಿಲ್ಲ, ಫ್ಯಾಟು ಅಳೆದು ಕಟ್ಟುತ್ತೇವೆ. ಜಾಕಿನ ವಿಷಯದಲ್ಲಿಯೂ ಹಾಗೆಯೇ ಅಳೆಯಬಹುದು. ಅಳೆಯುವ ಸಾಮಾನು ಒಂದು ಒತ್ತಡದ ಗೇಜು, ಒಂದು ಟೀ ಜೋಡಣೆ ಮತ್ತು ಒಂದು ಅಳತೆ ಪಟ್ಟಿ, ಇಷ್ಟೇ.

ಮೊದಲು ಆಸರೆ, ಆಮೇಲೆ ಪರೀಕ್ಷೆ

ಎತ್ತಿದ ಡಬ್ಬಿಯ ಕೆಳಗೆ ಆಸರೆ ಇಲ್ಲದೆ ತಲೆ ಹಾಕಬಾರದು. ಖಾಲಿ ಡಬ್ಬಿಯೇ ಐದಾರು ಕ್ವಿಂಟಾಲ್ ತೂಗುತ್ತದೆ. ಅದನ್ನು ಹಿಡಿದಿರುವುದು ಒಂದು ರಬ್ಬರ್ ಪೈಪಿನೊಳಗಿನ ಎಣ್ಣೆ ಮಾತ್ರ. ಪೈಪು ಒಡೆದರೆ ಅಥವಾ ಹುಡುಗರು ಆಟಕ್ಕೆ ಲಿವರ್ ಮುಟ್ಟಿದರೆ ಕೂಗಿಕೊಳ್ಳುವಷ್ಟರಲ್ಲಿ ಡಬ್ಬಿ ಚಾಸಿಯ ಮೇಲೆ ಬಂದು ಕೂತಿರುತ್ತದೆ. ನಲ್ಲಿಯಂಥ ವಾಲ್ವು ಬಂದ್ ಮಾಡಿದ್ದೇನೆ ಎಂಬುದು ಆಸರೆಯಲ್ಲ. ಕಲ್ಲು, ಬೇವಿನ ತುಂಡು, ಒನಕೆ ಕೂಡ ಆಸರೆಯಲ್ಲ, ಅವು ಜಾರುತ್ತವೆ. ಚಾಸಿಗೆ ಎರಡೂ ಬದಿಯಲ್ಲಿ ಕೀಲು ಹಾಕಿದ ದಪ್ಪ ಕಬ್ಬಿಣದ ತೋಳು, ಅದು ಹೋಗಿ ಕೂರಲು ಡಬ್ಬಿಯ ಅಡಿಯಲ್ಲಿ ಬೆಸುಗೆ ಮಾಡಿದ ಗೂಡು, ಇವಿದ್ದರೆ ಆಸರೆ. ವರ್ಕ್‌ಶಾಪಿನಲ್ಲಿ ಅರ್ಧ ದಿನದ ಕೆಲಸ. ಇದಿಲ್ಲದ ಟ್ರಾಲಿ ಇದ್ದವರು ಮುಂದಿನ ಪರೀಕ್ಷೆಗಳಿಗೆ ಕೈ ಹಚ್ಚುವ ಮೊದಲು ಇದನ್ನು ಮಾಡಿಸಬೇಕು. ಡಬ್ಬಿ ಎತ್ತಿ ನಿಲ್ಲಿಸಿ ಹೋಗುವ ರೂಢಿಯನ್ನೂ ಬಿಡಬೇಕು. ಬೇಸಿಗೆಯಲ್ಲಿ ಅದರ ನೆರಳಿಗೆ ಕರು, ಮೇಕೆ, ಮಕ್ಕಳು ಹೋಗಿ ಕೂರುತ್ತಾರೆ.

ಇನ್ನೊಂದು ಅಪಾಯ ಬಹಳ ಜನರಿಗೆ ತಿಳಿಯದು. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಎಣ್ಣೆ ಚಿಮ್ಮುತ್ತಿದ್ದರೆ ಬೆರಳಿನಿಂದ ಹುಡುಕಬಾರದು. ಆ ಒತ್ತಡದಲ್ಲಿ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ನೋವು ಮೊದಲಿಗೆ ಹೆಚ್ಚಿರುವುದಿಲ್ಲ, ಕೆಲ ಗಂಟೆಗಳಲ್ಲಿ ಬೆರಳು ಕೊಳೆಯತೊಡಗುತ್ತದೆ. ಹೀಗಾದರೆ ಅರಿಶಿನ ಹಚ್ಚಿ ಮನೆಯಲ್ಲಿ ಕೂರದೆ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಅದೇ ತಾಸಿನಲ್ಲಿ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಎಣ್ಣೆಯ ಗುರುತು ಅದರ ಮೇಲೆ ಬೀಳುತ್ತದೆ.

ನಿಧಾನ ಬೇರೆ, ನಿಶ್ಶಕ್ತಿ ಬೇರೆ

ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿದ್ವಾಂಸ ತೋರಿಸಿಕೊಟ್ಟ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಆ ನಿಯಮದ ಮೇಲೆ ಒತ್ತುಯಂತ್ರ ಮಾಡಿ ಪೇಟೆಂಟ್ ಪಡೆದ. ನಿಮ್ಮ ಟ್ರಾಲಿಯ ಜಾಕು ಅದೇ ಯಂತ್ರದ ಮರಿ. ಒತ್ತಡವನ್ನು ಜಾಕಿನ ಒಳ ಅಗಲದ ಕ್ಷೇತ್ರಫಲದಿಂದ ಗುಣಿಸಿದರೆ ಅದರ ಬಲ ಬರುತ್ತದೆ. 8 ಸೆಂ.ಮೀ. ವ್ಯಾಸದ ಜಾಕಿನ ಕ್ಷೇತ್ರಫಲ ಸುಮಾರು 50 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 150 ಕೆ.ಜಿ. ಒತ್ತಡ ಸಿಕ್ಕರೆ 7,500 ಕೆ.ಜಿ. ಬಲ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಎಣ್ಣೆಯನ್ನು ನೂಕುತ್ತದೆ ಅಷ್ಟೇ. ನೂಕಿದ ಎಣ್ಣೆಗೆ ಎದುರಾಗಿ ಭಾರ ನಿಂತಾಗ ಒತ್ತಡ ಏರುತ್ತದೆ. ಖಾಲಿ ಡಬ್ಬಿ ಎತ್ತುವಾಗ ಗೇಜು 30ರಲ್ಲಿದ್ದರೆ ಪಂಪು ಸೋತಿದೆ ಎಂದಲ್ಲ, 30 ಸಾಕಾಗಿದೆ ಎಂದು ಅರ್ಥ. ಎಲ್ಲಿಯವರೆಗೆ ಏರಬಹುದು ಎಂಬ ಮಿತಿಯನ್ನು ರಿಲೀಫ್ ವಾಲ್ವು ನಿಗದಿ ಮಾಡುತ್ತದೆ. ಟ್ರ್ಯಾಕ್ಟರುಗಳಲ್ಲಿ ಈ ಮಿತಿ ಸಾಮಾನ್ಯವಾಗಿ 150ರಿಂದ 200ರೊಳಗೆ ಇರುತ್ತದೆ. ನಿಮ್ಮ ಟ್ರ್ಯಾಕ್ಟರಿನದು ಎಷ್ಟೆಂಬುದನ್ನು ಅದರ ಪುಸ್ತಕದಲ್ಲಿ ನೋಡಿಕೊಳ್ಳಿ.

ಆದ್ದರಿಂದ ಡಬ್ಬಿ ನಿಧಾನವಾಗಿಯಾದರೂ ಪೂರ್ತಿ ಎತ್ತುತ್ತಿದ್ದರೆ ಒತ್ತಡ ಸರಿಯಿದೆ, ಎಣ್ಣೆಯ ಹರಿವು ಕಡಿಮೆ. ಸಣ್ಣ ಪೈಪು, ಕಟ್ಟಿದ ಜಾಲರಿ, ಸವೆದ ಪಂಪು ಇವುಗಳಿಂದ ಹೀಗಾಗುತ್ತದೆ. ಖಾಲಿ ಇದ್ದಾಗ ಚುರುಕಾಗಿ ಎದ್ದು, ಭಾರ ಹೇರಿದಾಗ ಅಲುಗಾಡದಿದ್ದರೆ ಹರಿವು ಸರಿಯಿದೆ. ಆಗ ಒತ್ತಡ ಸಾಲದು, ಇಲ್ಲವೇ ಭಾರ ಹೆಚ್ಚು, ಇಲ್ಲವೇ ಜಾಕಿನ ಕೋನ ತಪ್ಪು. ಈ ಎರಡು ಕಾಯಿಲೆಗಳನ್ನು ಒಂದೇ ಎಂದು ತಿಳಿದು ಮದ್ದು ಮಾಡುವುದೇ ಖರ್ಚಿನ ಮೂಲ. ದಪ್ಪ ಪೈಪು ಹಾಕಿಸಿದರೆ ಡಬ್ಬಿ ಬೇಗ ಏಳಬಹುದು, ಬೇಗ ಇಳಿಯಬಹುದು. ಹೆಚ್ಚು ಭಾರ ಎತ್ತುವುದಿಲ್ಲ.

ಭಾರ ಮತ್ತು ಕೋನದ ಲೆಕ್ಕ

ಅತನೂರಿನ ಒಬ್ಬ ಸದಸ್ಯರ ಟ್ರಾಲಿ ಎಂದುಕೊಳ್ಳಿ, ಲೆಕ್ಕಕ್ಕಾಗಿ. ಡಬ್ಬಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಅಂದರೆ 120 ಘನ ಅಡಿ, ಸುಮಾರು 3.4 ಘನ ಮೀಟರ್. ಇದರಲ್ಲಿ ತೊಗರಿ ಹೊಟ್ಟು ಸರಿಮಟ್ಟಕ್ಕೆ ತುಂಬಿದರೆ ಅರ್ಧ ಟನ್ನೂ ಆಗುವುದಿಲ್ಲ. ಹಸಿ ಆರದ ತಿಪ್ಪೆಗೊಬ್ಬರ ತುಂಬಿದರೆ ಸುಮಾರು ಎರಡೂವರೆ ಟನ್. ಕೆರೆಯ ಹಸಿ ಹೂಳು ಅಥವಾ ಒದ್ದೆ ಎರೆಮಣ್ಣು ತುಂಬಿದರೆ ಐದೂವರೆ ಟನ್ನಿನ ಮೇಲೆ. ಕಣ್ಣಿಗೆ ಮೂರೂ ಒಂದೇ ಡಬ್ಬಿ. ಗೊಬ್ಬರ ಎತ್ತಿದ ಜಾಕು ಹೂಳು ಎತ್ತಲಿಲ್ಲವೆಂದರೆ ಅದು ಜಾಕಿನ ರೋಗವಲ್ಲ. ಅನುಮಾನವಿದ್ದವರು ತೂಕದ ಕಾಟಾದ ಮೇಲೆ ಒಮ್ಮೆ ಹತ್ತಿಸಿ ನೋಡಬೇಕು. ಅದರ ಶುಲ್ಕ ಒಂದು ಸೀಲಿನ ಸೆಟ್ಟಿಗಿಂತ ಬಹಳ ಕಡಿಮೆ.

ಈಗ ಕೋನ. ಡಬ್ಬಿಯ ಕೀಲು ಹಿಂದಿನ ಅಂಚಿನಲ್ಲಿದೆ, ಜಾಕು ಡಬ್ಬಿಯ ನಡುವೆ ತಾಗಿದೆ ಎಂದಿಟ್ಟುಕೊಳ್ಳಿ. ಆಗ ಜಾಕು ನೇರ ಮೇಲ್ಮುಖವಾಗಿ ಡಬ್ಬಿಯ ಪೂರ್ತಿ ತೂಕದಷ್ಟು ಬಲ ಕೊಡಬೇಕು. ಗೊಬ್ಬರ ಎರಡೂವರೆ ಟನ್, ಖಾಲಿ ಡಬ್ಬಿ 600 ಕೆ.ಜಿ., ಒಟ್ಟು 3,100 ಕೆ.ಜಿ. ಜಾಕಿನ ಬಲ 7,500 ಇದೆಯಲ್ಲ, ಎರಡು ಪಟ್ಟಿಗಿಂತ ಹೆಚ್ಚು ಎನಿಸುತ್ತದೆ. ಆದರೆ ಕೈಯಾರೆ ಕಟ್ಟಿದ ಟ್ರಾಲಿಯಲ್ಲಿ ಜಾಕು ನೆಟ್ಟಗೆ ನಿಂತಿರುವುದು ಅಪರೂಪ. ಚಾಸಿಯ ಕೆಳಗೆ ಜಾಗವಿಲ್ಲದೆ ಅದನ್ನು ಮಲಗಿಸಿರುತ್ತಾರೆ. ಮಲಗಿದ ಜಾಕು ಡಬ್ಬಿಯನ್ನು ಎತ್ತುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ನೂಕುತ್ತದೆ. ಡಬ್ಬಿಯ ತಳಕ್ಕೂ ಜಾಕಿಗೂ ನಡುವಿನ ಕೋನ 30 ಡಿಗ್ರಿ ಇದ್ದರೆ ಬಲದ ಅರ್ಧ ಮಾತ್ರ ಎತ್ತುವುದಕ್ಕೆ ಸಿಗುತ್ತದೆ, 3,750 ಕೆ.ಜಿ. ಗೊಬ್ಬರ ಏಳುತ್ತದೆ, ಆದರೆ ಉಳಿಕೆ ಬಲ ಹೆಚ್ಚಿಲ್ಲ. ಕೋನ 20 ಡಿಗ್ರಿ ಇದ್ದರೆ ಸಿಗುವುದು ಸುಮಾರು 2,560 ಕೆ.ಜಿ. ಗೊಬ್ಬರವೂ ಏಳುವುದಿಲ್ಲ. ಪಂಪು ಹೊಸದಿರಲಿ, ಸೀಲು ಹೊಸದಿರಲಿ, ಏಳುವುದಿಲ್ಲ. ಕೀಲಿನ ತಿಕ್ಕಾಟವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಇನ್ನಷ್ಟು ತಿನ್ನುತ್ತದೆ.

ಅದೇ 30 ಡಿಗ್ರಿಯ ಟ್ರಾಲಿಯಲ್ಲಿ ಒತ್ತಡ 150ರಿಂದ 120ಕ್ಕೆ ಇಳಿಯಿತು ಎನ್ನಿ. ಎತ್ತುವ ಬಲ 3,000 ಕೆ.ಜಿ. ಆಗುತ್ತದೆ, ಬೇಕಾದ್ದು 3,100. ಹೋದ ವರ್ಷ ಎತ್ತಿದ ಟ್ರಾಲಿ ಈ ವರ್ಷ ಎತ್ತಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಷ್ಟು ಸಣ್ಣ ಅಂತರ ಇರುತ್ತದೆ. ಇಂಥಲ್ಲಿ ಸ್ವಲ್ಪ ಒತ್ತಡ ಮರಳಿ ಬಂದರೂ ಸಾಕು, ಭಾರವನ್ನು ಅರ್ಧ ಅಡಿ ಹಿಂದಕ್ಕೆ ಹೇರಿದರೂ ಸಾಕು. ಅತಿ ಕಷ್ಟದ್ದು ಮೊದಲ ಗೇಣು. ಒಮ್ಮೆ ಎದ್ದ ಮೇಲೆ ಭಾರದ ನಡು ಕೀಲಿನ ಕಡೆ ಸರಿಯುತ್ತದೆ, ಜಾಕಿನ ಕೋನವೂ ಸಾಮಾನ್ಯವಾಗಿ ನೆಟ್ಟಗಾಗುತ್ತ ಹೋಗುತ್ತದೆ. ಕೆಲವು ಚಾಲಕರು ಈ ಮೊದಲ ಗೇಣಿಗಾಗಿ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸಿ ಗಕ್ಕನೆ ಬ್ರೇಕ್ ಹಾಕುತ್ತಾರೆ. ಕೀಲು ಹರಿಯುವುದು, ಟ್ರಾಲಿ ಮಗುಚುವುದು ಆಗಲೇ.

ಕೋನದ್ದೇ ದೋಷವೆಂದು ಕಂಡರೆ ಜಾಕಿನ ಕೆಳಗಿನ ಹಿಡಿಕೆಯನ್ನು ಚಾಸಿಯಲ್ಲಿ ತಗ್ಗಿಸಿ ಕೂಡಿಸುವುದು ಒಂದು ದಾರಿ. ಗುಂಡಿ, ಬದುವಿಗೆ ಬಡಿಯದಷ್ಟು ನೆಲದ ಅಂತರ ಉಳಿಯಬೇಕು. 8 ಸೆಂ.ಮೀ. ಬದಲು 10 ಸೆಂ.ಮೀ. ಜಾಕು ಹಾಕುವುದು ಇನ್ನೊಂದು. ಬಲ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಕುಡಿಯುವ ಎಣ್ಣೆಯೂ ಅಷ್ಟೇ ಪಟ್ಟು, ಏಳುವ ಹೊತ್ತೂ ಅಷ್ಟೇ ಪಟ್ಟು. ನನ್ನ ಅಭಿಪ್ರಾಯದಲ್ಲಿ ಹಿಡಿಕೆ ತಗ್ಗಿಸುವುದೇ ಮೊದಲು ನೋಡತಕ್ಕ ದಾರಿ. ಚಾಸಿಗೆ ಬೆಸುಗೆ ಹಾಕಿಸುವವರು ಒಂದನ್ನು ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿಯಲ್ಲಿರುವುದಕ್ಕಿಂತ ಬೇರೆಯಾಗುವಂತೆ ಬದಲಾಯಿಸಿದರೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು, ಇಲ್ಲವಾದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರಬಹುದು.

ಎಣ್ಣೆ

ಡಬ್ಬಿ ಅರ್ಧ ಎದ್ದು ನಿಂತುಬಿಟ್ಟರೆ ಪಂಪನ್ನು ಬಯ್ಯುವ ಮೊದಲು ಎಣ್ಣೆ ನೋಡಿ. ಭಾರ ಹೆಚ್ಚಾದ ಟ್ರಾಲಿ ಮೊದಲ ಗೇಣಿನಲ್ಲಿ ನಿಲ್ಲುತ್ತದೆ, ಎಣ್ಣೆ ಕಡಿಮೆಯಾದದ್ದು ನಡುದಾರಿಯಲ್ಲಿ ನಿಲ್ಲುತ್ತದೆ. 8 ಸೆಂ.ಮೀ. ಜಾಕು ಒಂದು ಮೀಟರ್ ಹೊರಗೆ ಬರಬೇಕಾದರೆ 5 ಲೀಟರ್ ಎಣ್ಣೆ ಬೇಕು. ಆ 5 ಲೀಟರ್ ಟ್ರ್ಯಾಕ್ಟರಿನ ಹೊಟ್ಟೆಯಿಂದಲೇ ಹೋಗುವುದು. ಒಳಗಿನ ಮಟ್ಟ ಇಳಿದು ಪಂಪಿನ ಬಾಯಿ ತೆರೆದುಕೊಂಡರೆ ಅದು ಗಾಳಿ ಎಳೆಯುತ್ತದೆ. ಜಾಕು ಕುಪ್ಪಳಿಸುತ್ತ ಏಳುತ್ತದೆ, ಪಂಪು ‘ಗುಂಯ್’ ಎಂದು ಕೂಗುತ್ತದೆ. ಸಮತಟ್ಟಿನಲ್ಲಿ ಸರಿಯಿದ್ದು ಇಳಿಜಾರಿನಲ್ಲಿ ಮಾತ್ರ ಹೀಗಾದರೆ ಎಣ್ಣೆಯ ಮಟ್ಟವೇ ಕಾರಣವೆಂದು ಬಹುತೇಕ ನಿಶ್ಚಯ. ಜಾಕು ಪೂರ್ತಿ ಒಳಗಿದ್ದಾಗ ಮಟ್ಟ ನೋಡಿ, ಟ್ರಾಲಿಗಾಗಿ ಎಷ್ಟು ಹೆಚ್ಚುವರಿ ತುಂಬಬಹುದೆಂದು ಪುಸ್ತಕ ಹೇಳುತ್ತದೆಯೋ ಅಷ್ಟನ್ನೇ ತುಂಬಬೇಕು.

ಎಣ್ಣೆ ಮಜ್ಜಿಗೆಯಂತೆ ಬಿಳಿಚಿದ್ದರೆ ನೀರು ಸೇರಿದೆ, ಬದಲಿಸಲೇಬೇಕು. ನೊರೆ ಬಂದಿದ್ದರೆ ಗಾಳಿ, ಎಳೆಯುವ ಪೈಪಿನ ಜೋಡಣೆ ಬಿಗಿ ಮಾಡಿ. ಸುಟ್ಟ ವಾಸನೆ ಬಂದರೆ ಬಹಳ ಕಾಯ್ದಿದೆ. ಪುಸ್ತಕ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ. ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ ಹಾಕಿದರೆ ಅದರ ಕಸ ವಾಲ್ವುಗಳಲ್ಲಿ ಕೂರುತ್ತದೆ. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ, ಈ ಸೀಲುಗಳ ರಬ್ಬರನ್ನು ಅದು ಕೆಡಿಸುತ್ತದೆ. ನಮ್ಮ ಭಾಗದ ತೊಂದರೆ ಎಂದರೆ ಗೊಬ್ಬರ ಸಾಗಿಸುವ ಏಪ್ರಿಲ್, ಮೇ ತಿಂಗಳಲ್ಲೇ ಬಿಸಿಲು 40 ಡಿಗ್ರಿ ದಾಟುತ್ತದೆ. ಎಣ್ಣೆ ತೆಳುವಾಗುವುದೂ ಜಾಕಿಗೆ ಹೆಚ್ಚು ಕೆಲಸ ಬೀಳುವುದೂ ಒಂದೇ ಕಾಲಕ್ಕೆ. ಬೆಳಿಗ್ಗೆ ಎತ್ತಿ ಮಧ್ಯಾಹ್ನ ಎತ್ತದ ಟ್ರಾಲಿಯಲ್ಲಿ ಪಂಪು ಅಥವಾ ವಾಲ್ವು ಸವೆದು ಒಳಸೋರಿಕೆ ಶುರುವಾಗಿದೆ. ದಪ್ಪ ಎಣ್ಣೆ ಬೆಳಿಗ್ಗೆ ಅದನ್ನು ಮರೆಮಾಚುತ್ತದೆ.

ಎರವಲು ಟ್ರಾಲಿಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್ ಎರಡಕ್ಕೂ ಒಂದೇ ಎಣ್ಣೆ. ನಿಮ್ಮ ಟ್ರಾಲಿಯನ್ನು ಓಣಿಯ ನಾಲ್ಕು ಟ್ರ್ಯಾಕ್ಟರುಗಳಿಗೆ ಕಟ್ಟಿದರೆ ಜಾಕಿನಲ್ಲಿ ಉಳಿದ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಯಾರದೋ ಟ್ರ್ಯಾಕ್ಟರಿನ ನೀರು, ಕಬ್ಬಿಣದ ಪುಡಿ ನಿಮ್ಮ ಗೇರಿಗೆ ಬರುತ್ತದೆ. ನೆರೆಯವರಿಗೆ ಇಲ್ಲ ಎನ್ನುವುದು ಕಷ್ಟ, ಒಪ್ಪುತ್ತೇನೆ. ಪೈಪಿನ ತುದಿಯನ್ನು ನೆಲದ ಮೇಲೆ ಎಳೆದಾಡದೆ ಮುಚ್ಚಳ ಹಾಕಿಡಿ, ಕೂಡಿಸುವ ಮುನ್ನ ಸ್ವಚ್ಛ ಬಟ್ಟೆಯಿಂದ ಒರೆಸಿ. ಎರೆಮಣ್ಣಿನ ಧೂಳು ಒಳಗೆ ಹೋಗುವ ಬಾಗಿಲು ಅದೇ.

ಎರಡು ಪುಕ್ಕಟೆ ತಪಾಸಣೆಗಳನ್ನೂ ಈಗಲೇ ಮಾಡಿಕೊಳ್ಳಿ. ಪೈಪಿನ ಕಪ್ಲಿಂಗ್ ಪೂರ್ತಿ ಒಳಗೆ ಕೂತಿರಬೇಕು. ಅರೆಬರೆ ಕೂತರೆ ಅದರೊಳಗಿನ ಗುಂಡು ದಾರಿ ಮುಚ್ಚುತ್ತದೆ, ಡಬ್ಬಿ ಏಳುವುದೇ ಇಲ್ಲ ಅಥವಾ ಎದ್ದದ್ದು ಇಳಿಯುವುದಿಲ್ಲ. ಲಿವರ್ ಎಳೆದಾಗ ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ತೋಳುಗಳು ಏಳುತ್ತಿದ್ದರೆ ಟ್ರಾಲಿಗೆ ಎಣ್ಣೆ ತಿರುಗಿಸುವ ಗುಬಟಿ ಪೂರ್ತಿ ತಿರುಗಿಲ್ಲ.

ಗೇಜಿನ ಪರೀಕ್ಷೆ

0ಯಿಂದ 250 ಅಥವಾ 400ರವರೆಗೆ ಅಳೆಯುವ ಗೇಜು ತೆಗೆದುಕೊಳ್ಳಿ, ನಿಮ್ಮ ಟ್ರ್ಯಾಕ್ಟರಿನ ಮಿತಿಗಿಂತ ಮೇಲಿನದೇ ಇರಲಿ. ಗೇಜಿನ ಮೇಲೆ ಬಾರ್ ಎಂದು ಬರೆದಿದ್ದರೆ ಕೆ.ಜಿ. ಎಂದೇ ಓದಿಕೊಳ್ಳಬಹುದು, ವ್ಯತ್ಯಾಸ ನೂರಕ್ಕೆ ಎರಡು. ಪೌಂಡಿನ ಗೇಜಾದರೆ 14.2ರಿಂದ ಭಾಗಿಸಿ.

ಮೊದಲ ಪರೀಕ್ಷೆಗೆ ಜಾಕು ಬೇಡ. ಡಬ್ಬಿ ಪೂರ್ತಿ ಇಳಿದಿರುವಾಗ, ಇಂಜಿನ್ ನಿಲ್ಲಿಸಿ, ಲಿವರನ್ನು ಇಳಿಸುವ ಕಡೆ ಇಟ್ಟು ಒತ್ತಡ ಬಿಟ್ಟ ಮೇಲೆ ಪೈಪನ್ನು ಜಾಕಿನಿಂದ ಬಿಚ್ಚಿ, ಅದರ ತುದಿಗೆ ನೇರವಾಗಿ ಗೇಜು ಕೂಡಿಸಿ. ಇಂಜಿನ್ ಶುರು ಮಾಡಿ, ಎಲ್ಲರೂ ದೂರ ನಿಂತು, ಲಿವರನ್ನು ಐದು ಸೆಕೆಂಡ್ ಮಾತ್ರ ಎಳೆದು ಬಿಡಿ. ಮುಳ್ಳು ಪುಸ್ತಕದ ಅಂಕಿಗೆ ಮುಟ್ಟಿದರೆ ಪಂಪು, ರಿಲೀಫ್ ವಾಲ್ವು ಎರಡೂ ನಿರ್ದೋಷಿ. ಅರ್ಧ ತಾಸು ಕೆಲಸ ಮಾಡಿಸಿ ಎಣ್ಣೆ ಕಾಯ್ದ ಮೇಲೆ ಇನ್ನೊಮ್ಮೆ ನೋಡಿ. ಇಂಜಿನ್ ಜೋರು ಮಾಡಿದಾಗ ಮಾತ್ರ ಮುಳ್ಳು ಏರಿ, ನಿಧಾನದಲ್ಲಿ ಕೆಳಗೇ ಉಳಿದರೆ ಪಂಪು ನೂಕಿದ ಎಣ್ಣೆಯನ್ನು ಯಾವುದೋ ಸೋರಿಕೆ ತಿನ್ನುತ್ತಿದೆ, ಹೆಚ್ಚಾಗಿ ಸವೆದ ಪಂಪೇ. ಜೋರಿನಲ್ಲೂ ನಿಧಾನದಲ್ಲೂ ಒಂದೇ ಅಂಕಿಯಲ್ಲಿ, ಉದಾಹರಣೆಗೆ 110ರಲ್ಲಿ, ಗೂಟ ಹೊಡೆದಂತೆ ನಿಂತರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿದೆ ಅಥವಾ ಅದರ ಕೂರುವ ಜಾಗದಲ್ಲಿ ಕಸ ಸಿಕ್ಕಿದೆ. ಇದು ಪಂಪಿಗಿಂತ ಬಹಳ ಅಗ್ಗದ ದುರಸ್ತಿ. ಹೊಸ ಪಂಪು ಹಾಕಿದವರಿಗೂ ಮುಳ್ಳು ಅದೇ 110ರಲ್ಲಿಯೇ ನಿಲ್ಲುತ್ತಿತ್ತು ಎಂಬುದನ್ನು ಗಮನಿಸಿ.

ಎರಡನೆಯ ಪರೀಕ್ಷೆಗೆ ಟೀ ಹಾಕಿ ಪೈಪು, ಜಾಕು, ಗೇಜು ಮೂರನ್ನೂ ಕೂಡಿಸಿ, ಡಬ್ಬಿಯಲ್ಲಿ ಎಂದಿನ ಭಾರ ಹೇರಿ ಎತ್ತಿ. ಮುಳ್ಳು ಪೂರ್ತಿ ಅಂಕಿಗೆ ಏರಿದರೂ ಡಬ್ಬಿ ಅಲುಗದಿದ್ದರೆ ಹೈಡ್ರಾಲಿಕ್ಕಿನಲ್ಲಿ ದೋಷವಿಲ್ಲ. ಭಾರ, ಕೋನ, ಇಲ್ಲವೇ ತುಕ್ಕು ಹಿಡಿದ ಕೀಲು, ಸೊಟ್ಟಗಾದ ಚಾಸಿ. ಮೊದಲ ಪರೀಕ್ಷೆಯಲ್ಲಿ ಮೇಲೇರಿದ ಮುಳ್ಳು ಈಗ ಕೆಳಗೇ ನಿಂತು, ಡಬ್ಬಿಯೂ ಏಳದಿದ್ದರೆ ಎಣ್ಣೆ ಜಾಕಿನಲ್ಲಿ ಸೋರುತ್ತಿದೆ.

ಸೀಲಿನ ವಿಷಯದಲ್ಲಿ ಒಂದು ಗುಟ್ಟು ಹೇಳುತ್ತೇನೆ. ಟ್ರಾಲಿಯ ಜಾಕುಗಳಲ್ಲಿ ಹೆಚ್ಚಿನವು ಒಂದೇ ಪೈಪಿನವು, ಎಣ್ಣೆ ಎತ್ತುತ್ತದೆ, ಡಬ್ಬಿಯ ತೂಕ ಇಳಿಸುತ್ತದೆ. ಇಂಥ ಜಾಕಿನ ಸೀಲು ಹರಿದರೆ ಎಣ್ಣೆ ಹೊರಗೇ ಬರಬೇಕು, ಕುತ್ತಿಗೆಯಲ್ಲಿ ಇಲ್ಲವೇ ಉಸಿರಾಟದ ತೂತಿನಲ್ಲಿ. ಜಾಕು ಹೊರಗೆ ಒಣಗಿದ್ದು ಧೂಳು ಮಾತ್ರ ಇದ್ದರೆ ಸೀಲು ಬದಲಿಸಬೇಡಿ, ದೋಷ ಅಲ್ಲಿಲ್ಲ. ಎರಡು ಪೈಪಿನ ಜಾಕಿಗೆ ಈ ಮಾತು ಹೊಂದದು. ಅದರಲ್ಲಿ ಎಣ್ಣೆ ಒಳಗೊಳಗೇ ಒಂದು ಬದಿಯಿಂದ ಇನ್ನೊಂದಕ್ಕೆ ಜಾರುತ್ತದೆ, ವರ್ಕ್‌ಶಾಪಿನಲ್ಲಿ ತೋರಿಸಬೇಕು. ಎದ್ದ ಡಬ್ಬಿ ತಾನಾಗಿ ಕುಗ್ಗುತ್ತಿದ್ದರೆ, ಆಸರೆ ತೋಳನ್ನು ಗೂಡಿಗೆ ಹಚ್ಚಿ ಎರಡು ಬೆರಳಿನ ಸಂದು ಬಿಟ್ಟು, ಜಾಕಿನ ಹತ್ತಿರದ ನಲ್ಲಿ ಬಂದ್ ಮಾಡಿ. ಕುಗ್ಗುವುದು ನಿಂತರೆ ಸೋರಿಕೆ ಟ್ರ್ಯಾಕ್ಟರಿನ ವಾಲ್ವಿನಲ್ಲಿದೆ, ನಿಲ್ಲದಿದ್ದರೆ ಜಾಕಿನಲ್ಲಿದೆ.

ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರ್ ಹಾಕಿ ಬಿಗಿ ಮಾಡಿಸುವುದು ಅನೇಕರಿಗೆ ಸುಲಭದ ಔಷಧವಾಗಿ ಕಾಣುತ್ತದೆ. ಒಂದೆರಡು ದಿನ ಎತ್ತಲೂ ಎತ್ತುತ್ತದೆ. ಆದರೆ 150ರ ಮಿತಿಯನ್ನು 200 ಮಾಡಿದರೆ ಪಂಪು, ಪೈಪು, ಜಾಕಿನ ಬೆಸುಗೆ ಎಲ್ಲದರ ಮೇಲೂ ಮೂರನೆಯ ಒಂದು ಪಾಲು ಹೆಚ್ಚು ಹೊರೆ ಬೀಳುತ್ತದೆ. ಯಾವುದು ದುರ್ಬಲವೋ ಅದು ಒಡೆಯುತ್ತದೆ, ಅದೂ ಡಬ್ಬಿ ತುಂಬಿ ಮೇಲಿದ್ದಾಗ. ವಾಲ್ವನ್ನು ಪುಸ್ತಕದ ಅಂಕಿಗೆ, ಗೇಜು ನೋಡಿಕೊಂಡೇ ಹೊಂದಿಸಬೇಕು. ಗೇಜು ಇಲ್ಲದೆ ಸ್ಕ್ರೂ ತಿರುಗಿಸುವ ಮಿಸ್ತ್ರಿಗೆ ಬೇಡವೆನ್ನಿ.

ಹಳೆಯ ಸಣ್ಣ ಗಾಡಿಗೆ 12 ವೋಲ್ಟಿನ ಮೋಟಾರು ಪಂಪು ಕೂಡಿಸಿ ಡಬ್ಬಿ ಎತ್ತಿಸುವವರಿದ್ದರೆ ಮೊದಲು ಬ್ಯಾಟರಿ, ದಪ್ಪ ವೈರು, ಅದರ ತುದಿಗಳನ್ನು ನೋಡಿ. ಎತ್ತುವಾಗ ವೈರಿನ ತುದಿ ಕೈಗೆ ಬಿಸಿ ತಾಗಿದರೆ ಅಲ್ಲಿಯೇ ಶಕ್ತಿ ಹೋಗುತ್ತಿದೆ, ಎಣ್ಣೆಯಲ್ಲಿ ಹುಡುಕುವುದು ಬೇಡ.

ದುರಸ್ತಿಯಾದ ಮೇಲೆ ಮೊದಲ ದಿನವೇ ಪೂರ್ತಿ ಹೇರಬೇಡಿ. ಖಾಲಿ ಡಬ್ಬಿಯನ್ನು ನಾಲ್ಕೈದು ಸಲ ಎತ್ತಿ ಇಳಿಸಿ ಗಾಳಿ ಹೊರಗೆ ಹೋಗಲು ಬಿಡಿ, ಎಣ್ಣೆಯ ಮಟ್ಟ ಮತ್ತೆ ನೋಡಿ, ಕೀಲುಗಳಿಗೆ ಗ್ರೀಸ್ ಹೊಡೆಯಿರಿ, ಆಮೇಲೆ ಅರ್ಧ ಭಾರ. ಹೊಲದಲ್ಲಿ ಸುರಿಯುವ ಮುನ್ನ ಎರಡೂ ಟಯರು ಸಮನಾದ ಗಟ್ಟಿ ನೆಲದ ಮೇಲಿವೆಯೇ ನೋಡಿಕೊಳ್ಳಿ. ಹಸಿ ಗೊಬ್ಬರ ಡಬ್ಬಿಯ ಮುಂದಿನ ಮೂಲೆಗೆ ಅಂಟಿಕೊಂಡು ಮೇಲೆ ಉಳಿದಾಗ, ಒಂದು ಟಯರು ಎರೆಮಣ್ಣಿನಲ್ಲಿ ಗೇಣು ಇಳಿದರೂ ಟ್ರಾಲಿ ಪಕ್ಕಕ್ಕೆ ಮಗುಚುತ್ತದೆ. ಅಂಟಿದ್ದನ್ನು ಡಬ್ಬಿ ಇಳಿಸಿದ ಮೇಲೆ ಸಲಿಕೆಯಿಂದ ತೆಗೆಯಿರಿ, ಜಾಕನ್ನು ಕುಲುಕಿಸಬೇಡಿ. ತಲೆಯ ಮೇಲೂ ನೋಡಬೇಕು. 10 ಅಡಿಯ ಡಬ್ಬಿ 50 ಡಿಗ್ರಿ ಎದ್ದರೆ ಅದರ ಮುಂದಿನ ಅಂಚು ನೆಲದಿಂದ 12 ಅಡಿ ಮೀರುತ್ತದೆ, ಹೊಲದ ನಡುವೆ ಜೋತುಬಿದ್ದ ಕರೆಂಟಿನ ತಂತಿಗೆ ಅದು ಸಾಕು. ತಂತಿ ಜೋತಿರುವ ಹೊಲದಲ್ಲಿ ಗೊಬ್ಬರವನ್ನು ಇನ್ನೊಂದು ಬದುವಿನ ಹತ್ತಿರ ಸುರಿದು, ತಂತಿಯ ವಿಷಯ ಜೆಸ್ಕಾಂ ಕಚೇರಿಗೆ ಬರೆದುಕೊಟ್ಟು ರಸೀದಿ ಪಡೆಯಿರಿ.